ಪಾದ ತೊಳೆಯುವ ನಾಯಕತ್ವ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಪಠ್ಯ)



ಕ್ರೈಸ್ತನಾದ ನನ್ನನ್ನು ಕರೆದು, ಸೇವೆ ಮತ್ತು ನಾಯಕತ್ವವನ್ನು ಕುರಿತು ನಮ್ಮ ಧರ್ಮ ಏನು ಹೇಳುತ್ತದೆ ಎಂದು ಕೇಳಿದ್ದೀರಿ. ಉಪದೇಶಿಸುವ ಅಧಿಕಾರ ನನಗಿಲ್ಲ. ನಾನು ಸಭಾಪಾಲಕನಲ್ಲ, ಮುಂಬಯಿಯ ಬ್ಯಾಂಕೊಂದರಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಆದ್ದರಿಂದ ಸುವಾರ್ತೆಯ ಎರಡು ಪ್ರಸಂಗ, ನಮ್ಮ ನಾಡಿನ ಒಂದಿಷ್ಟು ಚರಿತ್ರೆ, ನನ್ನದೇ ಒಂದು ತಪ್ಪು, ಇಷ್ಟನ್ನು ನಿಮ್ಮ ಮುಂದಿಡುತ್ತೇನೆ.

ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯಾಕೋಬ, ಯೋಹಾನ ಎಂಬ ಸೋದರರು ಯೇಸುವಿನ ಬಳಿಗೆ ಬಂದು, ಆತನ ಮಹಿಮೆಯ ಕಾಲದಲ್ಲಿ ತಮ್ಮಲ್ಲೊಬ್ಬನಿಗೆ ಬಲಗಡೆ, ಇನ್ನೊಬ್ಬನಿಗೆ ಎಡಗಡೆ ಆಸನ ಬೇಕೆಂದು ಬೇಡುತ್ತಾರೆ. ಉಳಿದ ಹತ್ತು ಮಂದಿ ಶಿಷ್ಯರಿಗೆ ಸಿಟ್ಟು ಬರುತ್ತದೆ. ವೇದಿಕೆಯ ಕುರ್ಚಿಗಾಗಿ ನಡೆಯುವ ಜಗಳ ನಮ್ಮ ಸಂಘಗಳಲ್ಲಿಯೇ ಮೊದಲು ಹುಟ್ಟಿದ್ದಲ್ಲವೆಂದು ನಾವು ಸಮಾಧಾನಪಟ್ಟುಕೊಳ್ಳಬಹುದು! ಮೊದಲಿಗನಾಗಬೇಕೆನ್ನುವವನು ಎಲ್ಲರ ಆಳಾಗಲಿ ಎಂಬುದು ಯೇಸು ಕೊಟ್ಟ ಉತ್ತರದ ತಾತ್ಪರ್ಯ. ಯೋಹಾನನ ಸುವಾರ್ತೆಯಲ್ಲಿ ಆತ ಅದನ್ನು ಮಾಡಿಯೇ ತೋರಿಸುತ್ತಾನೆ. ಕಡೆಯ ಊಟದ ರಾತ್ರಿ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು, ಬೋಗುಣಿಯಲ್ಲಿ ನೀರು ತೆಗೆದುಕೊಂಡು ಶಿಷ್ಯರ ಪಾದ ತೊಳೆಯುತ್ತಾನೆ. ಆ ನಾಡಿನಲ್ಲಿ ಅದು ಆಳುಗಳ ಕೆಲಸ. ತನ್ನನ್ನು ಹಿಡಿದುಕೊಡಲಿದ್ದವನೂ, ತನ್ನನ್ನು ಅರಿಯೆನೆನ್ನಲಿದ್ದವನೂ ಆ ಸಾಲಿನಲ್ಲಿದ್ದರು. ಆ ಸೇವೆಗೆ ಪ್ರತಿಫಲದ ಕರಾರು ಇರಲಿಲ್ಲ. ನಂಬಿಕೆ ಗಳಿಸುವ ಉಪಾಯವೆಂದು ಮಾಡಿದ ಸೇವೆ ವ್ಯಾಪಾರವಾಗುತ್ತದೆ.

ಇನ್ನು ಚರಿತ್ರೆ. ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದರು. ಅವರು ಮತಪ್ರಚಾರಕ್ಕೆಂದೇ ಬಂದವರು. ಅದನ್ನು ಮುಚ್ಚಿಡುವುದು ಸತ್ಯಕ್ಕೆ ಅಪಚಾರ. ಪರಕೀಯರ ಆಳ್ವಿಕೆಯ ಕಾಲದಲ್ಲಿ ಬಂದ ಅವರನ್ನು ಜನ ಸಂಶಯದಿಂದ ಕಂಡಿದ್ದರೆ ತಪ್ಪೆನ್ನಲಾಗದು. ಅದೇ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದರು. ಮುಂದೆ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚುಹಾಕಿಸಿದರು. ಜನರನ್ನು ಅರಿತು ಬೋಧಿಸಬೇಕೆಂಬ ಉದ್ದೇಶ ಇದರ ಹಿಂದೆ ಇದ್ದೇ ಇತ್ತು. ಆದರೂ ಬೋಧಿಸಲು ಬಂದವರು ಮೊದಲು ಕಲಿಯಬೇಕಾಯಿತು, ಇತರರ ಭಕ್ತಿಯ ಮಾತನ್ನು ಕಿವಿಗೊಟ್ಟು ಕೇಳಬೇಕಾಯಿತು.

1853ರಲ್ಲಿ ಬಂದ ಫೆರ್ಡಿನಾಂಡ್ ಕಿಟ್ಟೆಲ್ಲರು ಇದೇ ದಾರಿಯಲ್ಲಿ ಇನ್ನೂ ದೂರ ನಡೆದರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದಾಗ ಅವರು ಈ ನೆಲಕ್ಕೆ ಕಾಲಿಟ್ಟು 41 ವರ್ಷಗಳಾಗಿದ್ದವು. ಸುಮಾರು 70,000 ಶಬ್ದಗಳ ಆ ಗ್ರಂಥದಲ್ಲಿ ಹಳೆಯ ಕವಿಗಳ ಪದಗಳ ಪಕ್ಕದಲ್ಲಿಯೇ ಆಡುಮಾತಿನ ಪದಗಳೂ ಗಾದೆಗಳೂ ಇವೆ. ಅದನ್ನು ತೆರೆಯುವ ಶಾಸ್ತ್ರಿಗಳೂ ಶರಣರೂ ಮೌಲವಿಗಳೂ ಕಿಟ್ಟೆಲ್ಲರ ಮತ ಯಾವುದೆಂದು ವಿಚಾರಿಸುವುದಿಲ್ಲ; ಶಬ್ದದ ಅರ್ಥವನ್ನು ಅವರ ಮಾತಿನ ಮೇಲೆ ನಂಬುತ್ತಾರೆ. ಅವರ ಬೋಧನೆಯನ್ನು ಒಪ್ಪದ ನಾಡು ಅವರ ದುಡಿಮೆಯನ್ನು ತಲೆಯ ಮೇಲಿಟ್ಟುಕೊಂಡಿತು. ಪ್ರಭಾವವೆಂದರೆ ಇದು. ಬಯಸಿದ ಕಡೆ ಬಾರದೆ, ದುಡಿದ ಕಡೆ ತಾನಾಗಿ ಬಂದದ್ದು.

ಈಗ ನನ್ನ ತಪ್ಪು. ಅನೇಕ ವರ್ಷಗಳ ಹಿಂದೆ ನಮ್ಮ ಚಿಕ್ಕ ಕನ್ನಡ ಸಭೆಯ ಕಾರ್ಯದರ್ಶಿಯಾಗಿದ್ದೆ. ಮಳೆಗಾಲಕ್ಕೆ ಮುಂಚೆ ಮಾಡಿನ ದುರಸ್ತಿಯಾಗಬೇಕಿತ್ತು. ಸಭೆ ಕರೆದರೆ ಮಾತು ಬೆಳೆದೀತೆಂದು ಯಾರನ್ನೂ ಕೇಳದೆ ಗುತ್ತಿಗೆ ಕೊಟ್ಟು ಕೆಲಸ ಮುಗಿಸಿದೆ. ವರ್ಷಾಂತ್ಯದಲ್ಲಿ ಒಂದು ಪೈಸೆ ಹೆಚ್ಚುಕಡಿಮೆಯಿಲ್ಲದ ಲೆಕ್ಕ ಓದಿ, ಚಪ್ಪಾಳೆಯ ನಿರೀಕ್ಷೆಯಲ್ಲಿ ನಿಂತೆ. ಯಾರೂ ಮಾತಾಡಲಿಲ್ಲ. ಕೊನೆಗೆ ಹಿಂದಿನ ಸಾಲಿನ ವೃದ್ಧೆಯೊಬ್ಬರು ಎದ್ದರು. "ಲೆಕ್ಕ ಸರಿ ಉಂಟು ಮಗಾ. ಆದರೆ ನಮ್ಮನ್ನು ಕೇಳಿದವರು ಯಾರು?" ಎಂದರು.

ಆ ತಾಯಿ ಮನೆಗೆಲಸದ ಸಂಬಳದಲ್ಲಿ ಉಳಿಸಿ ತಿಂಗಳು ತಿಂಗಳೂ ಕಾಣಿಕೆ ಹಾಕಿದವರು. ನಾನು ಮಾಡು ಕಟ್ಟಿಸಿದ್ದೆ. ಅದರ ಕೆಳಗೆ ಕೂರುವವರನ್ನು ಹೊರಗಿಟ್ಟಿದ್ದೆ. ಪ್ರಾಮಾಣಿಕತೆ ಇದ್ದರೆ ನಂಬಿಕೆ ಬಂದೇ ಬರುತ್ತದೆಂಬ ನನ್ನ ಗರ್ವ ಅಂದು ಮುರಿಯಿತು. ಮರುಚುನಾವಣೆಯಲ್ಲಿ ನಾನು ನಿಲ್ಲಲಿಲ್ಲ. ಭಾನುವಾರಗಳಲ್ಲಿ ಬೆಂಚು ಒರೆಸುವುದು, ಕಾಯಿಲೆಯಾದವರ ಮನೆಗೆ ಹೋಗಿಬರುವುದು, ಇವನ್ನು ಮಾಡಿಕೊಂಡು ಬಂದೆ. ಆರಂಭದಲ್ಲಿ ಅದರಲ್ಲಿಯೂ ಹಳೆಯ ಸ್ಥಾನ ಮರಳಿ ಪಡೆಯುವ ಆಸೆ ಇತ್ತೆಂದು ಒಪ್ಪಿಕೊಳ್ಳಬೇಕು. ಆ ಆಸೆ ಯಾವಾಗ ಕಳಚಿತೋ ತಿಳಿಯದು. ಮೂರು ವರ್ಷಗಳ ಬಳಿಕ ಆ ತಾಯಿ ತಮ್ಮ ಪಾಸ್‌ಬುಕ್ಕನ್ನು ನನ್ನ ಕೈಗಿತ್ತು, "ನನಗೆ ಓದಲು ಬರುವುದಿಲ್ಲ, ಎಷ್ಟುಂಟು ಎಂದು ನೋಡಿ ಹೇಳು" ಎಂದರು. ನನ್ನ ಬದುಕಿನಲ್ಲಿ ನನಗೆ ದೊರೆತ ಪದವಿಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ.

ಬಂಧುಗಳೆ, ನಾವೆಲ್ಲರೂ ಪರಸ್ಥಳದಲ್ಲಿ ನೆಲೆಸಿದವರು. ಮರಾಠಿಯನ್ನು ಮನಸ್ಸಿಟ್ಟು ಕಲಿತು, ನೆರೆಯವರ ಕಷ್ಟಕ್ಕೆ ಕರೆಯದೆಯೇ ಹೋದವನ ಮಾತಿಗೆ ಇಲ್ಲಿ ಬೆಲೆಯಿದೆ. ಹಕ್ಕಿನ ಮಾತನ್ನಷ್ಟೇ ಆಡುವವನಿಗೆ ಅದು ಸಿಗುವುದು ಕಷ್ಟ. ನಮ್ಮ ಸಂಘದೊಳಗೂ ಹಾಗೆಯೇ. ಬರುವ ತಿಂಗಳು ನೂತನ ಕಾರ್ಯಕಾರಿ ಸಮಿತಿಯನ್ನು ಆರಿಸಲಿದ್ದೀರಿ. ವೇದಿಕೆಯ ಮೇಲೆ ಯಾರು ಕುಳಿತಿದ್ದಾರೆಂದು ನೋಡುವ ಮೊದಲು, ಸಮಾರಂಭ ಮುಗಿದ ಮೇಲೆ ಕುರ್ಚಿಗಳನ್ನು ಮಡಿಸಿಡಲು ಯಾರು ಉಳಿಯುತ್ತಾರೆಂದು ನೋಡಿರಿ. ಆರಿಸಿ ಬಂದವರೇ, ಲೆಕ್ಕ ಒಪ್ಪಿಸುವ ಮೊದಲು ಹಿಂದಿನ ಸಾಲಿನವರನ್ನು ಕೇಳಿರಿ.