ಬೆನ್ನ ಮೇಲೊಂದು ಕೈ: ಮಳೆನಾಡಿನಲ್ಲಿ ತಾಯಿಕುರಿಯ ತೂಕ ಮತ್ತು ಮೇವು



ಬನ್ನೂರು, ಬಳ್ಳಾರಿ, ಕೆಂಗುರಿ, ಡೆಕ್ಕನಿ ತಳಿಗಳು ರೂಪುಗೊಂಡದ್ದು ಬಯಲುಸೀಮೆಯ ಒಣನೆಲದಲ್ಲಿ. ಕೊಡಗಿನ ನಾಪೋಕ್ಲಿನ ಮಳೆ ಅವಕ್ಕೆ ಹೊಸದು. ಇಲ್ಲಿ ಕುರಿ ಕಟ್ಟುವವರು ಒಳ್ಳೆಯ ಟಗರು ಹುಡುಕುವ ಮೊದಲು ತಾಯಿಕುರಿಯ ಬೆನ್ನು ಮುಟ್ಟಿ ನೋಡುವುದನ್ನು ಕಲಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೈಮೇಲಿನ ತುಪ್ಪಟ ಕಣ್ಣಿಗೆ ಮೋಸ ಮಾಡುತ್ತದೆ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ ಅಂಗೈ ಇಡಿ. ಹೆಬ್ಬೆರಳು ನಡುಮೂಳೆಯ ಮೇಲಿರಲಿ, ಉಳಿದ ಬೆರಳುಗಳು ಅಡ್ಡಮೂಳೆಗಳ ತುದಿಯನ್ನು ಒತ್ತಲಿ. ಮೂಳೆ ಚೂಪಾಗಿ ಚುಚ್ಚಿದರೆ ಅಂಕ 1. ಎಷ್ಟು ಒತ್ತಿದರೂ ಮೂಳೆ ಸಿಗದಿದ್ದರೆ 5. ನಯವಾಗಿ ದುಂಡಗಾಗಿದ್ದು, ಒತ್ತಿದಾಗ ಮಾತ್ರ ಸಿಕ್ಕರೆ 3. ಟಗರು ಬಿಡುವ ದಿನಕ್ಕೆ ನಮಗೆ ಬೇಕಾದದ್ದು ಈ ಅಂಕ 3. ಬಡಕಲು ಕುರಿ ಸರಿಯಾಗಿ ಬೆದೆಗೆ ಬರುವುದಿಲ್ಲ. ಕೊಬ್ಬಿದ ಕುರಿಗೂ ಗಬ್ಬ ಕಟ್ಟುವುದು ಕಷ್ಟ.

ಒಂದು ಅಂಕ ಏರಿಸಲು ಒಂದೂವರೆ ಎರಡು ತಿಂಗಳ ಒಳ್ಳೆಯ ಮೇವು ಬೇಕು. ಗಬ್ಬದ ಅವಧಿ ಸುಮಾರು 150 ದಿನ. ಸುಗ್ಗಿಯ ಹಬ್ಬ ಪುತ್ತರಿ ಮುಗಿದು ಗದ್ದೆ ಒಣಗಿದ ಡಿಸೆಂಬರಿನಲ್ಲಿ ಮರಿ ಬೀಳಬೇಕಾದರೆ ಜುಲೈ ನಡುವಿಗೆ ಟಗರು ಬಿಡಬೇಕು, ಮೇ ತಿಂಗಳಲ್ಲೇ ಬೆನ್ನು ಮುಟ್ಟಿ ನೋಡಬೇಕು.

ಕೊಡಗಿನ ತೊಡಕು ಇರುವುದು ಇಲ್ಲೇ. ಮಳೆಗಾಲಕ್ಕೆ ಮುಂಚೆ ಕಾಫಿಗೆ, ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ದನ ತಡೆದುಕೊಳ್ಳುವಷ್ಟು ತಾಮ್ರವನ್ನು ಕುರಿ ತಡೆಯದು. ಅದು ವಾರಗಟ್ಟಲೆ ಸದ್ದಿಲ್ಲದೆ ಯಕೃತ್ತಿನಲ್ಲಿ ಸೇರುತ್ತಾ ಹೋಗಿ, ಒಂದು ದಿನ ಒಮ್ಮೆಲೇ ರಕ್ತಕ್ಕೆ ಬರುತ್ತದೆ. ಕಣ್ಣು ಹಳದಿಯಾಗುತ್ತದೆ, ಮೂತ್ರ ಕೆಂಪಾಗುತ್ತದೆ. ಆಮೇಲೆ ಉಳಿಸುವುದು ಬಹಳ ಕಷ್ಟ. ಮೈ ತುಂಬಿಸಬೇಕಾದ ಹೊತ್ತಿಗೇ ದ್ರಾವಣ ಬಿದ್ದ ತೋಟದ ಹುಲ್ಲು ಹೀಗೆ ವಿಷವಾಗಿರುತ್ತದೆ. ಮೆಣಸು ಹಬ್ಬಿದ ಹಾಲುವಾಣದ ಸೊಪ್ಪೂ ಅಷ್ಟೇ ಅಪಾಯ. ದ್ರಾವಣ ತಾಗದ ಹಲಸಿನ ಸೊಪ್ಪು, ಗದ್ದೆ ಬದುವಿನ ಹುಲ್ಲು ಕೊಡಿ.

ಜುಲೈ ಹುಲ್ಲನ್ನೂ ಪೂರ್ತಿ ನಂಬಬೇಡಿ. 25 ಕೆಜಿ ತೂಗುವ ಕುರಿಗೆ ದಿನಕ್ಕೆ ಮುಕ್ಕಾಲರಿಂದ ಒಂದು ಕೆಜಿ ಒಣ ಅಂಶ ಬೇಕು. ಮಳೆಯಲ್ಲಿ ನೆನೆದ ಹುಲ್ಲಿನಲ್ಲಿ ಬಹುಪಾಲು ನೀರೇ. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಹುಲ್ಲನ್ನು ಬಾಡಿಸಿ ಹಾಕಿ. ಟಗರು ಬಿಡುವ ಎರಡು ಮೂರು ವಾರ ಮೊದಲಿಂದ ದಿನಕ್ಕೆ 200 ಗ್ರಾಂನಷ್ಟು ಜೋಳ, ಹಿಂಡಿ, ತೌಡು ಬೆರೆಸಿದ ಕೈತಿಂಡಿ ಕೊಡಿ. ಜಂತುಹುಳು ಇದ್ದರೆ ಇದೆಲ್ಲ ಹುಳುವಿನ ಪಾಲು. ಮೊದಲು ಪಶುವೈದ್ಯರಲ್ಲಿ ಹಿಕ್ಕೆ ಪರೀಕ್ಷೆ ಮಾಡಿಸಿ. ಬಸವನಹುಳು ಇರುವ ಕೆಸರು ಗದ್ದೆಯಲ್ಲಿ ಮೇಯಿಸಿದರೆ ಯಕೃತ್ತಿಗೆ ಚಪ್ಪಟೆ ಹುಳು ಸೇರುತ್ತದೆ.

ಗಬ್ಬದ ಕೊನೆಯ ಆರು ವಾರಗಳಲ್ಲಿ ಮರಿಯ ಮುಕ್ಕಾಲು ಪಾಲು ಬೆಳವಣಿಗೆ ನಡೆಯುತ್ತದೆ. ಮರಿ ದೊಡ್ಡದಾದಂತೆ ಹೊಟ್ಟೆಯಲ್ಲಿ ಮೇವಿಗೆ ಜಾಗ ಕಮ್ಮಿ. ಆಗ ಬರೀ ಭತ್ತದ ಹುಲ್ಲು ಸಾಲದು. ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಮೂರು ನಾಲ್ಕು ಸಲ ಸತ್ವದ ಮೇವು ಬೇಕು. ಅವಳಿ ಹೊತ್ತ ಕುರಿ ಮಂದೆಯಿಂದ ದೂರ ನಿಂತು, ಮೇವು ಬಿಟ್ಟು ಮಂಕಾದರೆ ಅದೇ ದಿನ ವೈದ್ಯರನ್ನು ಕರೆಯಿರಿ.

ಕೊನೆಗೊಂದು ವಿನಂತಿ. ನಮ್ಮಲ್ಲಿ ಅನೇಕರ ಮನೆಯಲ್ಲಿ ಹಂದಿ ಇದೆ. ಹಂದಿಯ ತಿಂಡಿಗೆ ತಾಮ್ರ ಸೇರಿಸಿರುತ್ತಾರೆ. ಆ ಚೀಲದಿಂದ ಒಂದು ಹಿಡಿಯನ್ನೂ ಕುರಿಗೆ ಹಾಕಬೇಡಿ. ಕುರಿಗೆಂದೇ ತಯಾರಿಸಿದ ಖನಿಜ ಮಿಶ್ರಣವನ್ನೇ ಕೇಳಿ ತನ್ನಿ.