ಒಂದೇ ಸಾಕ್ಷಿ ಸಾಲದು: ಗುಹೆಯ ಕಲ್ಲು ಮತ್ತು ಮುಂಗಾರಿನ ಚರಿತ್ರೆ



 ಈ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ ಒಂದೇ ವಿಚಾರವನ್ನು ನಿಮ್ಮ ಮುಂದಿಡುತ್ತೇನೆ. ಗುಹೆಗಳ ನೆಲದಿಂದ ಹನಿಹನಿಯಾಗಿ ಬೆಳೆದ ಸ್ಟಾಲಗ್ಮೈಟ್‌ಗಳಲ್ಲಿ ಹಿಂದಿನ ಮಳೆಯ ಚರಿತ್ರೆಯನ್ನು ಓದುವಾಗ ಆಮ್ಲಜನಕದ ಐಸೊಟೋಪ್ ಒಂದನ್ನೇ ನೆಚ್ಚಿ ತೀರ್ಪು ಕೊಡಬಾರದು. ಅದೇ ಕಲ್ಲಿನಲ್ಲಿ ಲೇಶಮಾತ್ರ ಸೇರಿರುವ ಮೆಗ್ನೀಷಿಯಂ, ಸ್ಟ್ರಾನ್ಷಿಯಂಗಳನ್ನೂ ಅಳೆದು, ಎರಡೂ ಒಪ್ಪಿದ ಮೇಲೆಯೇ ಇಂಥ ಕಾಲದಲ್ಲಿ ಇಲ್ಲಿ ಬರ ಬಿದ್ದಿತ್ತು ಎಂದು ಹೇಳಬೇಕು.

ಐಸೊಟೋಪ್ ಅಧ್ಯಯನ ನಮಗೆ ಕೊಟ್ಟದ್ದು ಕಡಿಮೆಯಲ್ಲ. ಮೇಘಾಲಯದ ಮಾವ್ಮ್ಲೂ ಗುಹೆಯ ಒಂದು ಕಲ್ಲಿನ ಆಧಾರದಿಂದಲೇ, ಸುಮಾರು 4,200 ವರ್ಷಗಳ ಹಿಂದೆ ಆರಂಭವಾದ ಭೂಕಾಲಘಟ್ಟಕ್ಕೆ 2018ರಲ್ಲಿ ಮೇಘಾಲಯನ್ ಎಂಬ ಹೆಸರು ಅಧಿಕೃತವಾಯಿತು. ನಮ್ಮ ಉತ್ತರ ಕನ್ನಡದ ಅಕಳಗವಿಯ ಕಲ್ಲೊಂದು 331 ವರ್ಷಗಳ ಮಳೆಯ ಏರಿಳಿತವನ್ನು ತಿಳಿಸಿದ್ದು 2004ರಲ್ಲಿ ಪ್ರಕಟವಾಗಿದೆ. ಆದರೆ ಮಳೆನೀರಿನಲ್ಲಿ ಆಮ್ಲಜನಕದ ಭಾರದ ಐಸೊಟೋಪ್ ಎಷ್ಟಿದೆ ಎಂಬುದನ್ನು ಮಳೆಯ ಪ್ರಮಾಣವೊಂದೇ ನಿರ್ಧರಿಸುವುದಿಲ್ಲ. ಮೋಡ ಅರಬ್ಬಿ ಸಮುದ್ರದಿಂದ ಬಂದಿತೋ ಬಂಗಾಳ ಕೊಲ್ಲಿಯಿಂದಲೋ, ಬರುವ ದಾರಿಯಲ್ಲಿ ಎಷ್ಟು ನೀರು ಸುರಿಸಿತು ಎಂಬುದೂ ಅದರಲ್ಲಿ ಬೆರೆತಿರುತ್ತದೆ. ಸ್ಥಳೀಯ ನೆಲಕ್ಕೆ ಎಷ್ಟು ನೀರು ಇಂಗಿತು ಎಂಬ ಪ್ರಶ್ನೆಗೆ ಅದು ನೇರ ಉತ್ತರ ಕೊಡಲಾರದು.

ಆ ಉತ್ತರಕ್ಕೆ ಹತ್ತಿರವಿರುವುದು ಲೇಶಧಾತುಗಳು. ಮಳೆನೀರು ಮಣ್ಣಿನಲ್ಲಿ ಇಂಗುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ತೆಳು ಆಮ್ಲವಾಗಿ, ಸುಣ್ಣಕಲ್ಲನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಗಾಳಿ ತಾಕಿದಲ್ಲಿ ಆ ಅನಿಲ ಹೊರಬಿದ್ದು ಕ್ಯಾಲ್ಸೈಟ್ ಹರಳುಗಟ್ಟುತ್ತದೆ. ಮಳೆ ಚೆನ್ನಾಗಿದ್ದರೆ ಬಂಡೆಯ ಬಿರುಕುಗಳಲ್ಲಿ ನೀರೇ ತುಂಬಿರುವುದರಿಂದ ಈ ಕ್ರಿಯೆ ಹೆಚ್ಚಾಗಿ ಗುಹೆಯೊಳಗೇ ನಡೆಯುತ್ತದೆ. ಬರಗಾಲದಲ್ಲಿ ಬಿರುಕುಗಳೊಳಗೆ ಗಾಳಿ ಸೇರಿ, ನೀರು ಗುಹೆಗೆ ತಲುಪುವ ಮೊದಲೇ ದಾರಿಯಲ್ಲಿ ಒಂದಷ್ಟು ಕ್ಯಾಲ್ಸೈಟನ್ನು ಇಳಿಸಿಬಿಡುತ್ತದೆ. ಹರಳು ಕ್ಯಾಲ್ಸಿಯಂ ಅನ್ನು ಸೆಳೆದುಕೊಳ್ಳುವಷ್ಟು ಸುಲಭವಾಗಿ ಮೆಗ್ನೀಷಿಯಂ, ಸ್ಟ್ರಾನ್ಷಿಯಂಗಳನ್ನು ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಮಿಕ್ಕ ನೀರಿನಲ್ಲಿ ಕ್ಯಾಲ್ಸಿಯಂಗೆ ಹೋಲಿಸಿದರೆ ಇವೆರಡರ ಪ್ರಮಾಣ ಏರುತ್ತದೆ, ಆ ಏರಿಕೆ ಕಲ್ಲಿನ ಪದರದಲ್ಲಿ ದಾಖಲಾಗುತ್ತದೆ. ಕಲ್ಲನ್ನು ಉದ್ದಕ್ಕೆ ಸೀಳಿ, ನಯಗೊಳಿಸಿ, ಕೂದಲೆಳೆಯಷ್ಟು ಸಣ್ಣ ಲೇಸರ್ ಕಿರಣವನ್ನು ಹಾಯಿಸಿ, ಎದ್ದ ಪುಡಿಯನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಅಳೆಯುತ್ತಾರೆ. ಪದರಗಳ ವಯಸ್ಸನ್ನು ಯುರೇನಿಯಂ-ಥೋರಿಯಂ ವಿಧಾನ ಕೊಡುತ್ತದೆ.

ಉತ್ತರಾಖಂಡದ ಧರಮಜಲಿ ಗುಹೆಯ ಅಧ್ಯಯನ ಇದಕ್ಕೆ ಒಳ್ಳೆಯ ನಿದರ್ಶನ. 2023ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಆಮ್ಲಜನಕ, ಇಂಗಾಲ, ಕ್ಯಾಲ್ಸಿಯಂ ಐಸೊಟೋಪ್‌ಗಳ ಜೊತೆಗೆ ಲೇಶಧಾತುಗಳನ್ನೂ ಅಳೆಯಲಾಯಿತು. 4,200ರಿಂದ 3,970 ವರ್ಷಗಳ ಹಿಂದಿನ ಅವಧಿಯಲ್ಲಿ, ಒಂದೊಂದೂ 25ರಿಂದ 90 ವರ್ಷ ಎಳೆದ ಮೂರು ಒಣ ಕಾಲಗಳು ಕಂಡುಬಂದವು. ಬೇಸಿಗೆಯ ಮುಂಗಾರಿನ ಜೊತೆಗೆ ಚಳಿಗಾಲದ ಮಳೆಯೂ ಕೈಕೊಟ್ಟಿತ್ತು ಎಂದು ಹೇಳಲು ಸಾಧ್ಯವಾದದ್ದು ಹಲವು ಸಾಕ್ಷ್ಯಗಳನ್ನು ಕೂಡಿಸಿ ಓದಿದ್ದರಿಂದ. ಗೋಧಿ, ಬಾರ್ಲಿಯಂಥ ಹಿಂಗಾರು ಬೆಳೆಗಳನ್ನೂ ನೆಚ್ಚಿದ್ದ, ಆ ಕಾಲದ ಸಿಂಧೂ ನಾಗರಿಕತೆಯ ಜನರ ಬದುಕನ್ನು ಅರಿಯಲು ಎರಡು ಮಳೆಗಾಲಗಳ ಈ ಭೇದ ಬಹಳ ಮುಖ್ಯ.

ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಉಷ್ಣತೆ ಏರಿದರೂ ಕ್ಯಾಲ್ಸೈಟ್‌ಗೆ ಮೆಗ್ನೀಷಿಯಂ ಹೆಚ್ಚು ಸೇರುತ್ತದಲ್ಲ ಎಂದು ಕೇಳಬಹುದು. ನಿಜ, ಆದರೆ ಸ್ಟ್ರಾನ್ಷಿಯಂ ಉಷ್ಣತೆಗೆ ಹಾಗೆ ಸ್ಪಂದಿಸುವುದಿಲ್ಲ. ದಾರಿಯಲ್ಲೇ ಕ್ಯಾಲ್ಸೈಟ್ ಇಳಿದಿದ್ದರೆ ಎರಡೂ ಯಾವ ಅನುಪಾತದಲ್ಲಿ ಒಟ್ಟಿಗೆ ಏರಬೇಕೆಂದು ಲೆಕ್ಕ ಹಾಕಬಹುದು, ದತ್ತಾಂಶ ಆ ಅನುಪಾತಕ್ಕೆ ಹೊಂದದಿದ್ದರೆ ಬರದ ವಾದವನ್ನು ಕೈಬಿಡಬೇಕು. ಮೇಲಿನ ಬಂಡೆಯಲ್ಲಿ ಡಾಲೊಮೈಟ್ ಇದ್ದರೆ ಮೆಗ್ನೀಷಿಯಂ ಅಲ್ಲಿಂದಲೂ ಬರುತ್ತದೆ, ಇದಕ್ಕೂ ಅದೇ ಪರೀಕ್ಷೆ ಒದಗುತ್ತದೆ. ಒಂದು ಹನಿಯ ಜಾಡು ಇಡೀ ಸೀಮೆಯ ಮಳೆಯನ್ನು ಹೇಳೀತೇ ಎಂಬುದು ಎಲ್ಲಕ್ಕಿಂತ ಗಟ್ಟಿ ಆಕ್ಷೇಪ. ಮಾವ್ಮ್ಲೂವಿನ ಕಳೆದ 50 ವರ್ಷಗಳ ದಾಖಲೆಯನ್ನು ಪರೀಕ್ಷಿಸಿದಾಗ, ಒಣ ಋತುವಿನಲ್ಲಿ ಇಂಗುವ ನೀರಿಗೂ ಆ ಕಲ್ಲು ಸೂಕ್ಷ್ಮವಾಗಿ ಸ್ಪಂದಿಸುತ್ತದೆಂದು ತಿಳಿಯಿತು. ಜಗತ್ತಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಸೀಮೆಯಲ್ಲೂ ಕಲ್ಲನ್ನು ಮುಂಗಾರಿನ ನೇರ ಅಳತೆಗೋಲೆಂದು ಭಾವಿಸುವಂತಿಲ್ಲ. ಇದರಿಂದ ವಿಧಾನ ಬಿದ್ದುಹೋಗುವುದಿಲ್ಲ, ಪ್ರತಿ ಗುಹೆಯ ಸ್ವಭಾವವನ್ನು ಮೊದಲು ಅರಿಯಬೇಕೆಂಬ ಶಿಸ್ತು ಬರುತ್ತದೆ. ಇಷ್ಟಾದರೂ ಮಳೆಯನ್ನು ಮಿಲಿಮೀಟರ್‌ನಲ್ಲಿ ಹೇಳಲಾಗದು ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಬರ ಎಷ್ಟು ವರ್ಷ ಎಳೆಯಬಲ್ಲದು ಎಂದು ತಿಳಿದರೂ ಕೆರೆ, ಅಣೆಕಟ್ಟುಗಳ ಯೋಜನೆಗೆ ಅದು ದೊಡ್ಡ ಆಧಾರ. ನಮ್ಮ ಮಳೆಮಾಪಕಗಳ ದಾಖಲೆ ಒಂದೆರಡು ಶತಮಾನಗಳಿಂದ ಆಚೆಗೆ ಹೋಗುವುದಿಲ್ಲ.

ಆದ್ದರಿಂದ ಮೂರು ಸಲಹೆಗಳನ್ನು ಸಭೆಯ ಚರ್ಚೆಗೆ ಇಡುತ್ತೇನೆ. ಕಲ್ಲನ್ನು ಕೀಳುವ ಮೊದಲು ಆ ಗುಹೆಯ ಹನಿನೀರನ್ನು ಎಲ್ಲ ಋತುಗಳಲ್ಲೂ ಅಳೆಯಬೇಕು. ಸೀಳಿದ ಪ್ರತಿ ಕಲ್ಲಿನ ಒಂದು ಹೋಳನ್ನು ಮುಂದಿನ ಪೀಳಿಗೆಯ ಉಪಕರಣಗಳಿಗಾಗಿ ಕಾಪಿಡಬೇಕು. ಐಸೊಟೋಪ್ ಮತ್ತು ಲೇಶಧಾತುಗಳ ದತ್ತಾಂಶವನ್ನು ಒಟ್ಟಿಗೇ ಪ್ರಕಟಿಸಬೇಕು. ಸಾವಿರಾರು ವರ್ಷಗಳಲ್ಲಿ ಬೆಳೆದ ಕಲ್ಲನ್ನು ಒಮ್ಮೆ ಮುರಿದರೆ ಮತ್ತೆ ಜೋಡಿಸಲಾಗದು, ಮುರಿಯುವ ಹಕ್ಕನ್ನು ನಾವು ಈ ಎಚ್ಚರದಿಂದಲೇ ಸಂಪಾದಿಸಬೇಕು.