ಮರುಭೂಮಿಯ ಸೀತಾಳೆ, ನಮ್ಮೂರಿನ ಬೋರ್‌ವೆಲ್



ದಾವಣಗೆರೆ, ಹರಿಹರದವರಾದ ನಮಗೆ ಸೀತಾಳೆ ಹೂವೆಂದರೆ ಮಲೆನಾಡು ನೆನಪಾಗುತ್ತದೆ. ಮಳೆಗಾಡಿನ ಮರದ ಕೊಂಬೆಯ ಮೇಲೆ ಅರಳುವ ಹೂವು ಅದು. ಆದರೆ ಅದೇ ಆರ್ಕಿಡ್ ಕುಟುಂಬದ ಒಂದು ಗಿಡ ಮರುಭೂಮಿಯ ನಡುವೆ ಬದುಕಿದೆ. ಅದರ ಬಗ್ಗೆ ನಾಲ್ಕು ಮಾತು ಹೇಳಲು ಇಚ್ಛಿಸುತ್ತೇನೆ.

ಅಮೆರಿಕದ ನೆವಾಡ ರಾಜ್ಯದಲ್ಲಿ ಆಶ್ ಮೆಡೋಸ್ ಎಂಬ ಪ್ರದೇಶವಿದೆ. ಅಲ್ಲಿ ವರ್ಷಕ್ಕೆ ಬೀಳುವುದು ಕೆಲವೇ ಅಂಗುಲ ಮಳೆ. ಆದರೂ ಸಾವಿರಾರು ವರ್ಷಗಳ ಹಿಂದೆ ದೂರದ ಬೆಟ್ಟಗಳಲ್ಲಿ ಇಂಗಿದ ನೀರು ಇಂದು ಬುಗ್ಗೆಗಳಾಗಿ ಹೊರಬರುತ್ತಿದೆ. ಆ ಬುಗ್ಗೆಗಳ ಸುತ್ತಲಿನ ಜೌಗು ಹುಲ್ಲುಗಾವಲೇ ಈ ಗಿಡದ ಮನೆ. 1989ರಲ್ಲಿ ಸಸ್ಯವಿಜ್ಞಾನಿ ಚಾರ್ಲ್ಸ್ ಶೆವಿಯಾಕ್ ಇದಕ್ಕೆ 'ಸ್ಪೈರಾಂಥಿಸ್ ಇನ್ಫರ್ನಾಲಿಸ್' ಎಂದು ಹೆಸರಿಟ್ಟರು. ಪುಟ್ಟ ಹೂಗಳು ಹೆಣೆದ ಜಡೆಯಂತೆ ದಂಟನ್ನು ಸುತ್ತಿಕೊಂಡಿರುತ್ತವೆ. ಇದರ ಬೀಜ ಧೂಳಿನಷ್ಟು ಸಣ್ಣದು; ಒಳಗೆ ಆಹಾರವಿಲ್ಲ. ಮಣ್ಣಿನ ಶಿಲೀಂಧ್ರದ ನೆರವಿಲ್ಲದೆ ಅದು ಬೆಳೆಯಲಾರದು. ಹಾಗಾಗಿ ಕಿತ್ತು ಬೇರೆಡೆ ನೆಟ್ಟು ಉಳಿಸುವುದು ಸುಲಭವಲ್ಲ. ಅದರ ನೆಲ, ಅದರ ನೀರು ಉಳಿದರೆ ಮಾತ್ರ ಗಿಡ ಉಳಿದೀತು.

1968ರಲ್ಲಿ ಅಲ್ಲಿನ ಒಂದು ಕೃಷಿ ಸಂಸ್ಥೆ ಕೊಳವೆಬಾವಿಗಳಿಂದ ನೀರೆತ್ತಲು ತೊಡಗಿತು. ಬಾವಿಯಿಂದ ಸುಮಾರು 4 ಕಿಲೋಮೀಟರ್ ದೂರದಲ್ಲಿದ್ದ ಡೆವಿಲ್ಸ್ ಹೋಲ್ ಎಂಬ ಬಂಡೆಗುಂಡಿಯ ನೀರು ಇಳಿಯಿತು. ಒಂದು ಅಂಗುಲದಷ್ಟಿರುವ ಅಲ್ಲಿನ ಮೀನು ಮೊಟ್ಟೆಯಿಡುವ ಕಲ್ಲುಹಾಸು ಒಣಗತೊಡಗಿತು. ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1976ರಲ್ಲಿ ನ್ಯಾಯಾಲಯವು ಮೀನಿಗೆ ಬೇಕಾದಷ್ಟು ನೀರು ಉಳಿಯುವಂತೆ ಪಂಪಿಂಗ್‌ಗೆ ಮಿತಿ ಹಾಕಿದ್ದನ್ನು ಎತ್ತಿಹಿಡಿಯಿತು. 1984ರಲ್ಲಿ ಆಶ್ ಮೆಡೋಸ್ ವನ್ಯಜೀವಿ ಧಾಮವಾಯಿತು. ಮೀನಿಗಾಗಿ ಕಾಯ್ದ ಅಂತರ್ಜಲವೇ ಹೂವಿಗೂ ಆಸರೆ.

ಈ ಕಥೆ ನಮಗೇಕೆ ಎಂದು ನೀವು ಕೇಳಬಹುದು. ಜಗಳೂರು, ಚನ್ನಗಿರಿ ಕಡೆಯ ರೈತರಿಗೆ ಬೋರ್‌ವೆಲ್ ಬತ್ತುವ ಸಂಕಟ ಹೊಸದೇನಲ್ಲ. ಅಡಿಕೆ ತೋಟಕ್ಕೆ ಟ್ಯಾಂಕರ್ ನೀರು ಹಾಕಿದ ವರ್ಷಗಳನ್ನೂ ಕಂಡಿದ್ದೇವೆ. ಹೊಲಕ್ಕೆ ಬದುವಿದೆ, ಅಂತರ್ಜಲಕ್ಕೆ ಬದುವಿಲ್ಲ. ಒಬ್ಬರು ಎತ್ತಿದ ನೀರು ಇನ್ನೊಬ್ಬರ ಬಾವಿಯದೂ ಹೌದು, ಕೆರೆಯಂಚಿನ ಹುಲ್ಲಿನದೂ ಹೌದು.

ವಿದ್ಯಾರ್ಥಿಗಳೇ, ಕೊಂಡಜ್ಜಿ ಕೆರೆಗೋ ಶಾಂತಿಸಾಗರಕ್ಕೋ ಹೋದಾಗ ನೀರನ್ನಷ್ಟೇ ನೋಡಿ ಬರಬೇಡಿ. ಅಂಚಿನ ಜೌಗಿನಲ್ಲಿ ಏನು ಬೆಳೆದಿದೆ, ಹೆಸರೇನು ಎಂದು ಬರೆದಿಡಿ. ನಿಮ್ಮೂರಿನ ತೆರೆದ ಬಾವಿಯ ನೀರನ್ನು ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಹಗ್ಗ ಬಿಟ್ಟು ಅಳೆಯಿರಿ. ಜೌಗು ನೆಲವನ್ನು ಪಾಳು ಎಂದು ಮಣ್ಣು ತುಂಬಿಸುವವರಿಗೆ ತೋರಿಸಲು ನಿಮ್ಮ ಬಳಿ ಲೆಕ್ಕವಿರಲಿ.